ಏರ್ ಪಿಸ್ತೂಲ್ ಶೂಟಿಂಗ್‌ಗೆ ನಂಬರ್ ಕನ್ನಡಕ: ಆರಿಸುವುದು ಹೇಗೆ, ಮಾಡಿಸುವುದು ಹೇಗೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಒಂದು ಕೈ ಜೇಬಿನಲ್ಲಿಟ್ಟು, ಮಾಮೂಲಿ ಕನ್ನಡಕ ಹಾಕಿಕೊಂಡು ನಿಂತ ಫೋಟೊ ಎಲ್ಲರ ಫೋನಿಗೂ ಬಂದಿತ್ತು. 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದಲ್ಲಿ ಅವರ ಜೋಡಿಗೆ ಬೆಳ್ಳಿ ಸಿಕ್ಕಿತು. ಅದೇ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚು ಗೆದ್ದರು. ಆ ಫೋಟೊ ನೋಡಿದವರಿಗೆ ಒಂದು ಪ್ರಶ್ನೆ ಬರುವುದು ಸಹಜ. ಅವರಿಗೆ ಸಾದಾ ಕನ್ನಡಕ ಸಾಕಾಗಿದ್ದರೆ, ನಮಗೇಕೆ ಆ ಸ್ಕ್ರೂ, ಕ್ಲಿಪ್ ಎಲ್ಲ ಇರುವ ಶೂಟಿಂಗ್ ಫ್ರೇಮ್?

ಫ್ರೇಮ್ ಆಮೇಲೆ ನೋಡೋಣ. ಲೆನ್ಸಿನ ನಂಬರ್ ತಪ್ಪಿದ್ದರೆ ಎಷ್ಟು ದುಬಾರಿ ಫ್ರೇಮ್ ಹಾಕಿದರೂ ಪ್ರಯೋಜನವಿಲ್ಲ. ನಂಬರ್ ಸರಿ ಇದ್ದರೆ ಸಾದಾ ಫ್ರೇಮಿನಲ್ಲೂ ಚೆನ್ನಾಗಿ ಹೊಡೆಯಬಹುದು.

ಇಲ್ಲಿ ಬರೆದಿರುವುದು ಹವ್ಯಾಸಕ್ಕೆ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುವವರಿಗೆ. ಅದರಲ್ಲೂ ನಲವತ್ತು ದಾಟಿ, ಚಾಳೀಸು ಬಂದು, ಪೇಪರ್ ಓದಲು ಕೈ ಚಾಚಿ ಹಿಡಿಯುವವರಿಗೆ. ಈ ಆಟವನ್ನು ಚಿಕ್ಕಂದಿನಲ್ಲೇ ಶುರು ಮಾಡಬೇಕೆಂದೇನಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದರು.

ಕಣ್ಣು ಎಲ್ಲಿ ನಿಲ್ಲಬೇಕು

ಪಿಸ್ತೂಲ್ ಎತ್ತಿದಾಗ ಕಣ್ಣಿನ ಮುಂದೆ ಮೂರು ವಸ್ತುಗಳಿರುತ್ತವೆ. ಹಿಂದಿನ ರಿಯರ್ ಸೈಟ್ (ಗುರಿ ಕೂಡಿಸುವ ಕಚ್ಚು), ಹೆಚ್ಚುಕಡಿಮೆ 60 ಸೆಂ.ಮೀ. ದೂರದಲ್ಲಿ. ಮುಂದಿನ ಫ್ರಂಟ್ ಸೈಟ್ (ಆ ಕಚ್ಚಿನ ನಡುವೆ ಕೂಡಿಸಬೇಕಾದ ಸಣ್ಣ ಕಂಬ), 90 ಸೆಂ.ಮೀ.ನಿಂದ 1 ಮೀಟರ್ ದೂರದಲ್ಲಿ. ಆಮೇಲೆ 10 ಮೀಟರ್ ಆಚೆ ಟಾರ್ಗೆಟ್. ಕಣ್ಣಿಗೆ ಒಂದು ಸಲಕ್ಕೆ ಒಂದು ದೂರವಷ್ಟೇ ಪೂರ್ತಿ ಸ್ಪಷ್ಟ. ಹದಿನೆಂಟರ ಹುಡುಗನ ಕಣ್ಣಿಗೂ ಅಷ್ಟೆ.

ಸ್ಪಷ್ಟವಾಗಿ ಕಾಣಬೇಕಾದದ್ದು ಫ್ರಂಟ್ ಸೈಟ್. ಕೋಚ್‌ಗಳು ದಿನವೂ ಹೇಳುವ ಮಾತು ಇದು. ಕಾರಣ ಗೊತ್ತಾದರೆ ಕನ್ನಡಕದ ಆಯ್ಕೆಯೂ ಸುಲಭವಾಗುತ್ತದೆ. ಎರಡು ಸೈಟ್‌ಗಳ ನಡುವೆ ಸುಮಾರು 33 ಸೆಂ.ಮೀ. ಅಂತರವಿದೆ ಅಂದುಕೊಳ್ಳಿ. ಫ್ರಂಟ್ ಸೈಟ್ ರಿಯರ್ ಸೈಟಿನ ನಡುವಿನಿಂದ ಬರೀ 1 ಮಿ.ಮೀ. ಸರಿದರೂ 10 ಮೀಟರ್ ಆಚೆ ಪೆಲೆಟ್ (ಸೀಸದ ಸಣ್ಣ ಗುಂಡು) ಸುಮಾರು 30 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಏರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ 10ರ ವೃತ್ತದ ಅಗಲ 11.5 ಮಿ.ಮೀ. ಒಂದೊಂದು ರಿಂಗಿಗೂ 8 ಮಿ.ಮೀ. ಅಂತರ. ಅಂದರೆ 10 ಬೀಳಬೇಕಾದ ಶಾಟ್ 7ಕ್ಕೆ ಹೋಯಿತು. ಈಗ ಇನ್ನೊಂದು ಸಂದರ್ಭ ನೋಡಿ. ಎರಡೂ ಸೈಟ್ ಸರಿಯಾಗಿ ಕೂಡಿವೆ, ಆದರೆ ಇಡೀ ಪಿಸ್ತೂಲ್ 1 ಮಿ.ಮೀ. ಪಕ್ಕಕ್ಕೆ ಸರಿದಿದೆ. ಆಗ ಪೆಲೆಟ್ ಸರಿಯುವುದೂ 1 ಮಿ.ಮೀ. ಮಾತ್ರ. 10 ಹಾಗೇ ಉಳಿಯುತ್ತದೆ.

ಟಾರ್ಗೆಟ್ ಮಂಜಾಗಿ ಕಂಡರೆ ನಷ್ಟ ಕಡಿಮೆ. ಸೈಟ್ ಮಂಜಾದರೆ ನಷ್ಟ ಜಾಸ್ತಿ. ಹಾಗಾಗಿ ನಿಮ್ಮ ಲೆನ್ಸ್ ದೂರಕ್ಕೂ ಅಲ್ಲ, ಓದಲಿಕ್ಕೂ ಅಲ್ಲ. ಫ್ರಂಟ್ ಸೈಟಿಗೆ.

ಮೊದಲು ಕಣ್ಣಿನ ಪರೀಕ್ಷೆ

ಹೋದ ವರ್ಷದ ಚೀಟಿ ಹಿಡಿದು ಅಂಗಡಿಗೆ ಹೋಗಬೇಡಿ. ಹೊಸದಾಗಿ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಕಣ್ಣಿನ ಆಸ್ಪತ್ರೆಯಾದರೂ ಸರಿ, ನಿಮ್ಮ ಮಾಮೂಲಿ ಡಾಕ್ಟರಾದರೂ ಸರಿ. ಪೊರೆ ಶುರುವಾಗಿದೆಯಾ, ಕಣ್ಣಿನ ಒತ್ತಡ ಎಷ್ಟಿದೆ, ರೆಟಿನಾ ಹೇಗಿದೆ ಅಂತ ಒಟ್ಟಿಗೇ ನೋಡಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಒಂದು ವಿಷಯ ನೆನಪಿಡಿ. ಶುಗರ್ ಏರಿಳಿದಾಗ ಕಣ್ಣಿನ ನಂಬರೂ ಏರಿಳಿಯುತ್ತದೆ. ಶುಗರ್ ಹಿಡಿತದಲ್ಲಿರುವ ದಿನಗಳಲ್ಲೇ ನಂಬರ್ ತೆಗೆಸಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕಪ್ಪು ರಟ್ಟಿನಲ್ಲಿ ದಪ್ಪ ಸೂಜಿಯಿಂದ ಒಂದು ರಂಧ್ರ ಮಾಡಿ, ಒಂದು, ಒಂದೂವರೆ ಮಿ.ಮೀ. ಇದ್ದರೆ ಸಾಕು. ಅದನ್ನು ಕಣ್ಣಿನ ಹತ್ತಿರ ಹಿಡಿದು, ಮಂಜಾಗಿ ಕಾಣುವ ವಸ್ತುವನ್ನು ನೋಡಿ. ಅದು ಸ್ಪಷ್ಟವಾದರೆ ತೊಂದರೆ ನಂಬರಿನದು, ಲೆನ್ಸಿನಿಂದ ಸರಿಹೋಗುವ ಸಾಧ್ಯತೆ ಹೆಚ್ಚು. ರಂಧ್ರದಲ್ಲಿ ನೋಡಿದರೂ ಮಂಜು ಹೋಗದಿದ್ದರೆ ಕನ್ನಡಕದ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ.

ಗುರಿಗೆ ಬಳಸುವ ಕಣ್ಣು ಯಾವುದು ಅಂತಲೂ ಖಚಿತ ಮಾಡಿಕೊಳ್ಳಿ. ಎರಡೂ ಅಂಗೈ ಜೋಡಿಸಿ, ಹೆಬ್ಬೆರಳುಗಳ ನಡುವೆ ಚಿಕ್ಕ ಕಿಂಡಿ ಮಾಡಿ, ಕೈ ಚಾಚಿ ಅದರೊಳಗಿಂದ ಗೋಡೆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಮುಖ್ಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಮುಖ್ಯವಾಗಿರುವುದೂ ಉಂಟು. ಯಾವ ಕಣ್ಣಲ್ಲಿ ಗುರಿ ಹಿಡಿಯುವುದು ಅಂತ ಕೋಚ್ ಜೊತೆ ತೀರ್ಮಾನಿಸಿಕೊಂಡೇ ಲೆನ್ಸ್ ಮಾಡಿಸಿ.

ದೂರ ಅಳೆಯಿರಿ, ಕೋಲು ಮಾಡಿಕೊಳ್ಳಿ

ರೇಂಜಿನಲ್ಲಿ ಖಾಲಿ ಪಿಸ್ತೂಲ್ ಹಿಡಿದು, ಸೇಫ್ಟಿ ಫ್ಲ್ಯಾಗ್ (ಪಿಸ್ತೂಲ್ ಖಾಲಿ ಎಂದು ತೋರಿಸುವ ಗುರುತು) ಹಾಕಿ, ಟಾರ್ಗೆಟ್ ಕಡೆಗೇ ಮುಖ ಮಾಡಿ ಎಂದಿನಂತೆ ನಿಲ್ಲಿ. ಜೊತೆಯವರು ಪಕ್ಕದಲ್ಲಿ ನಿಂತು, ಕಣ್ಣಿನ ಹೊರ ಅಂಚಿನಿಂದ ಎರಡೂ ಸೈಟ್‌ಗಳವರೆಗಿನ ದೂರವನ್ನು ಟೇಪಿನಲ್ಲಿ ಅಳೆಯಲಿ. ಎರಡನ್ನೂ ಬರೆದಿಟ್ಟುಕೊಳ್ಳಿ. ಕೈ ಉದ್ದ, ನಿಲ್ಲುವ ಭಂಗಿ, ಪಿಸ್ತೂಲಿನ ಮಾಡೆಲ್ ನೋಡಿ ಈ ಅಳತೆ ಬದಲಾಗುತ್ತದೆ. ಪಕ್ಕದವರ ಅಳತೆ ನಿಮಗೆ ಹೊಂದುವುದಿಲ್ಲ.

ಪಿಸ್ತೂಲನ್ನು ಕನ್ನಡಕದ ಅಂಗಡಿಗೆ ಒಯ್ಯಬೇಡಿ. ನೋಡಿದವರು ಗಾಬರಿಯಾಗುತ್ತಾರೆ, ಅದರ ಅಗತ್ಯವೂ ಇಲ್ಲ. ಅದರ ಬದಲು ಒಂದು ಮರದ ಪಟ್ಟಿ ತೆಗೆದುಕೊಳ್ಳಿ. ಕಪ್ಪು ರಟ್ಟಿನಲ್ಲಿ ಫ್ರಂಟ್ ಸೈಟಿನಷ್ಟೇ ಅಗಲದ ತುಂಡನ್ನು ಒಂದು ತುದಿಗೆ ಅಂಟಿಸಿ. ಕಚ್ಚು ಕೊರೆದ ಇನ್ನೊಂದು ತುಂಡನ್ನು ರಿಯರ್ ಸೈಟ್ ಜಾಗದಲ್ಲಿ ಅಂಟಿಸಿ. ಕೈ ಚಾಚಿ ಹಿಡಿದಾಗ ದೂರಗಳು ನಿಮ್ಮ ಅಳತೆಗೆ ಕೂಡಬೇಕು. ಅಂಗಡಿಯಲ್ಲಿ ಲೆನ್ಸ್ ಪರೀಕ್ಷಿಸಲು ಇಷ್ಟು ಸಾಕು. ಜೊತೆಗೆ 6 ಸೆಂ.ಮೀ. ಅಗಲದ ಕಪ್ಪು ವೃತ್ತ ಬರೆದ ಬಿಳಿ ಹಾಳೆ ಇರಲಿ. ನಿಜವಾದ ಟಾರ್ಗೆಟ್‌ನ ಕಪ್ಪು ಭಾಗ 59.5 ಮಿ.ಮೀ. ಅಂಗಡಿಯೊಳಗೆ 10 ಮೀಟರ್ ಸಿಗದಿದ್ದರೆ ಸಿಕ್ಕಷ್ಟು ದೂರದ ಗೋಡೆಗೆ ಅಂಟಿಸಿ.

ನಂಬರಿನ ಲೆಕ್ಕ

ಲೆನ್ಸಿನ ಪವರ್ ಅಳೆಯುವುದು ಡಯಾಪ್ಟರ್‌ನಲ್ಲಿ. 1ನ್ನು ಮೀಟರಿನ ದೂರದಿಂದ ಭಾಗಿಸಿದರೆ ಡಯಾಪ್ಟರ್ ಬರುತ್ತದೆ. 1 ಮೀಟರ್ ದೂರದ ಫ್ರಂಟ್ ಸೈಟಿಗೆ 1.00. 10 ಮೀಟರ್ ದೂರದ ಟಾರ್ಗೆಟ್‌ಗೆ 0.10. ಲೆನ್ಸನ್ನು ಸರಿಯಾಗಿ 1 ಮೀಟರಿಗೇ ಕೂಡಿಸಿದರೆ ಫ್ರಂಟ್ ಸೈಟ್ ಬಹಳ ಚೆನ್ನಾಗಿ ಕಾಣುತ್ತದೆ, ಆದರೆ ಟಾರ್ಗೆಟ್ ಕರಗಿಹೋಗುತ್ತದೆ. ಅದಕ್ಕೆ ಶೂಟಿಂಗ್‌ನಲ್ಲಿ ಹಳೆಯ ಒಂದು ಸೂತ್ರವಿದೆ: ಫ್ರಂಟ್ ಸೈಟಿನ ಎರಡರಷ್ಟು ದೂರಕ್ಕೆ ಲೆನ್ಸ್ ಕೂಡಿಸಿ. 1 ಮೀಟರಿನ ಎರಡರಷ್ಟು 2 ಮೀಟರ್, ಅಂದರೆ 0.50. ಇಲ್ಲಿ ಸೈಟ್ ಚೂಪಾಗಿಯೇ ಕಾಣುತ್ತದೆ, ಟಾರ್ಗೆಟ್ ಮಂಜಾದರೂ ಗುಂಡಗೆ ಉಳಿಯುತ್ತದೆ.

ನಿಮ್ಮ ದೂರದ ನಂಬರಿಗೆ +0.50 ಸೇರಿಸಿ. ಪರೀಕ್ಷೆ ಶುರು ಮಾಡಬೇಕಾದ ಜಾಗ ಇದು. ದೂರಕ್ಕೆ ನಂಬರೇ ಇಲ್ಲದವರಿಗೆ +0.50. ದೂರಕ್ಕೆ +1.25 ಇದ್ದವರಿಗೆ +1.75. ಮೈನಸ್ ನಂಬರಿನವರು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ಮೈನಸ್‌ಗೆ ಪ್ಲಸ್ ಸೇರಿಸಿದರೆ ನಂಬರ್ ಕಡಿಮೆಯಾಗುತ್ತದೆ. -2.00 ಇದ್ದದ್ದು -1.50 ಆಗುತ್ತದೆ, -2.50 ಅಲ್ಲ.

ವಯಸ್ಸು ಹೆಚ್ಚಾದಂತೆ ಕಣ್ಣು ತಾನಾಗಿ ಹತ್ತಿರಕ್ಕೆ ಹೊಂದಿಕೊಳ್ಳುವುದು ಕಡಿಮೆಯಾಗುತ್ತದೆ. ಅಂಥವರಿಗೆ +0.75, ಕೆಲವರಿಗೆ +1.00 ಬೇಕಾಗಬಹುದು. ಪೊರೆ ಆಪರೇಷನ್ ಆಗಿ ದೂರಕ್ಕೆ ಕೂಡಿಸಿದ ಲೆನ್ಸ್ ಹಾಕಿಸಿಕೊಂಡವರೂ ಇದೇ ಗುಂಪು. ಮೂವತ್ತರೊಳಗಿನವರಿಗೆ ಸಾಮಾನ್ಯವಾಗಿ ಏನೂ ಸೇರಿಸಬೇಕಿಲ್ಲ. ಅವರ ಕಣ್ಣೇ ಆ ಕೆಲಸ ಮಾಡುತ್ತದೆ. ದೀರ್ಘ ಅಭ್ಯಾಸದ ಕೊನೆಗೆ ಕಣ್ಣು ಸೋತರೆ +0.25 ಹಾಕಿ ನೋಡಬಹುದು.

ಸಿಲಿಂಡರ್ ನಂಬರ್ (ಒಂದು ದಿಕ್ಕಿನ ಗೆರೆಗಳು ಮಾತ್ರ ಮಂಜಾಗುವ ದೋಷಕ್ಕೆ ಕೊಡುವುದು) ಇದ್ದರೆ ಅದು, ಅದರ ಆಕ್ಸಿಸ್ ಅಂದರೆ ಕೋನ, ಎರಡೂ ಇದ್ದಂತೆಯೇ ಇರಲಿ. ಪ್ಲಸ್ ಸೇರುವುದು ಮೊದಲ ನಂಬರಿಗೆ ಮಾತ್ರ. "ಸಿಲಿಂಡರ್ ಕಡಿಮೆ ಇದೆ, ಬಿಟ್ಟುಬಿಡೋಣ" ಅಂತ ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. ಫ್ರಂಟ್ ಸೈಟ್ ಚೌಕ ಕಂಬದಂತೆ ಇರುತ್ತದೆ. ಎರಡು ಪಕ್ಕದ ಅಂಚು ನೆಟ್ಟಗೆ, ಮೇಲಂಚು ಅಡ್ಡಕ್ಕೆ. ಸಿಲಿಂಡರ್ ಬಿಟ್ಟರೆ ಪಕ್ಕದ ಅಂಚು ಚೂಪಾಗಿದ್ದಾಗ ಮೇಲಂಚು ಹರಡಿಕೊಳ್ಳಬಹುದು, ಅಥವಾ ಇದರ ಉಲ್ಟಾ ಆಗಬಹುದು. ಶಾಟ್‌ಗಳು ಬರೀ ಮೇಲೆ ಕೆಳಗೆ ಚದುರುತ್ತಿದ್ದರೆ ಇದನ್ನೂ ಅನುಮಾನಿಸಿ.

ಈಗಾಗಲೇ ಇರುವ ಕಂಪ್ಯೂಟರ್ ಕನ್ನಡಕದಲ್ಲೇ ಹೊಡೆಯಬಹುದಲ್ವಾ ಅಂತ ಕೆಲವರಿಗೆ ಅನಿಸುತ್ತದೆ. ಅದು ಸ್ಕ್ರೀನ್ ಇರುವ 60 ಸೆಂ.ಮೀ. ಆಸುಪಾಸಿಗೆ ಕೂಡಿಸಿದ್ದು. ಅದರಲ್ಲಿ ರಿಯರ್ ಸೈಟ್ ಚೆನ್ನಾಗಿ ಕಾಣುತ್ತದೆ, ಟಾರ್ಗೆಟ್ ಮಾಯವಾಗುತ್ತದೆ. ಓದುವ ಕನ್ನಡಕ ಇನ್ನೂ ಹತ್ತಿರದ್ದು. ಮೇಲಿಂದ ಕೆಳಕ್ಕೆ ನಂಬರ್ ನಿಧಾನಕ್ಕೆ ಬದಲಾಗುವ ಪ್ರೊಗ್ರೆಸಿವ್ ಲೆನ್ಸಿನಲ್ಲಿ 1 ಮೀಟರಿಗೆ ಹೊಂದುವ ಭಾಗ ನಡುವೆ ಕಿರಿದಾದ ಪಟ್ಟಿಯಷ್ಟೇ. ಅದನ್ನು ಹುಡುಕಿಕೊಂಡು ತಲೆ ಎತ್ತುವುದು, ಓರೆ ಮಾಡುವುದು ಶುರುವಾಗುತ್ತದೆ. ತಲೆ ಒಂದೊಂದು ಶಾಟಿಗೆ ಒಂದೊಂದು ಥರ ನಿಂತರೆ ಸೈಟ್ ಕೂಡುವುದೂ ಒಂದೊಂದು ಥರವೇ. ದೂರಕ್ಕೊಂದು, ಓದಲಿಕ್ಕೊಂದು ಭಾಗವಿರುವ ಬೈಫೋಕಲ್‌ನಲ್ಲಂತೂ ಫ್ರಂಟ್ ಸೈಟಿನ ದೂರಕ್ಕೆ ಹೊಂದುವ ಭಾಗವೇ ಇಲ್ಲ. ಶೂಟಿಂಗ್‌ಗೆ ಇಡೀ ಲೆನ್ಸಿಗೆ ಒಂದೇ ನಂಬರ್ ಇರುವ ಸಿಂಗಲ್ ವಿಷನ್ ಲೆನ್ಸೇ ಬೇಕು.

ಅಂಗಡಿಯಲ್ಲಿ, ಆಮೇಲೆ ರೇಂಜಿನಲ್ಲಿ

ಅಂಗಡಿಗೆ ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ. "ದೂರಕ್ಕಾ ಸಾರ್, ಓದಲಿಕ್ಕಾ?" ಅಂತಲೇ ಮೊದಲು ಕೇಳುತ್ತಾರೆ. ಎರಡೂ ಅಲ್ಲ, ಒಂದು ಮೀಟರ್ ದೂರದ ಸಣ್ಣ ಕಂಬವನ್ನು ನೋಡಲಿಕ್ಕೆ ಅಂತ ಹೇಳಿ, ಕೋಲು ತೋರಿಸಿ. ಒಳ್ಳೆಯ ಆಪ್ಟೊಮೆಟ್ರಿಸ್ಟ್‌ಗೆ ಅಷ್ಟು ಸಾಕು. ಲೆನ್ಸ್ ಬದಲಿಸಿ ನೋಡುವ ಟ್ರಯಲ್ ಫ್ರೇಮಿನಲ್ಲಿ ನಿಮ್ಮ ದೂರದ ನಂಬರ್ ಹಾಕಿಸಿ. ಅದರ ಮೇಲೆ +0.25, +0.50, +0.75, +1.00 ಒಂದೊಂದಾಗಿ ಹಾಕಿಸಿ ನೋಡಿ. ಪ್ರತಿ ಸಲವೂ ಕೋಲನ್ನು ಕೆಳಗಿಳಿಸಿ, ದೂರದ ಗೋಡೆ ನೋಡಿ, ಮತ್ತೆ ಎತ್ತಿ. ನೋಡುತ್ತಲೇ ಇದ್ದರೆ ಕಣ್ಣು ತಪ್ಪು ಲೆನ್ಸಿಗೂ ಹೊಂದಿಕೊಂಡುಬಿಡುತ್ತದೆ.

ಆರಿಸಬೇಕಾದದ್ದು ಫ್ರಂಟ್ ಸೈಟಿನ ಮೂರೂ ಅಂಚು ಚೂಪಾಗಿ ಕಾಣುವ ಲೆನ್ಸ್‌ಗಳಲ್ಲಿ ಅತಿ ಕಡಿಮೆ ಪ್ಲಸ್ ಇರುವುದನ್ನು. ಟಾರ್ಗೆಟ್ ಅಂಚು ಕರಗಿದ ಬೂದು ಚೆಂಡಿನಂತೆ ಕಂಡರೆ ಸರಿಯಾಗಿದೆ. ಟಾರ್ಗೆಟ್ ಸ್ಪಷ್ಟವಾಗಿದ್ದು ಸೈಟ್ ಮಂಜಾದರೆ ಪ್ಲಸ್ ಸಾಲದು. ಸೈಟ್ ಚೂಪಾಗಿದ್ದು ಟಾರ್ಗೆಟ್ ಎಲ್ಲಿದೆ ಅಂತಲೇ ತಿಳಿಯದಿದ್ದರೆ ಪ್ಲಸ್ ಜಾಸ್ತಿಯಾಗಿದೆ. ಹತ್ತಿರ ಹತ್ತಿರದ ಎರಡು ಲೆನ್ಸ್‌ಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಕಡಿಮೆಯದನ್ನೇ ಆರಿಸಿ.

ಆದರೂ ಆರ್ಡರ್ ಕೊಡುವ ಮೊದಲು ರೇಂಜಿನಲ್ಲೊಮ್ಮೆ ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಅಂಗಡಿಯ ಬೆಳಕು ಬೇರೆ, ರೇಂಜಿನ ಬೆಳಕು ಬೇರೆ. ಬೆಳಕು ಕಡಿಮೆಯಾದರೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಸ್ಪಷ್ಟತೆಯ ವ್ಯಾಪ್ತಿ ಕುಗ್ಗುತ್ತದೆ. ಅಂಗಡಿಯಲ್ಲಿ ಸರಿ ಕಂಡ +0.50 ರೇಂಜಿನಲ್ಲಿ ಸಾಲದೆ ಹೋಗಬಹುದು. ಪರಿಚಯದ ಅಂಗಡಿಯಾದರೆ ಎರಡು ಮೂರು ಟ್ರಯಲ್ ಲೆನ್ಸ್ ಒಂದು ದಿನಕ್ಕೆ ಎರವಲು ಕೊಡುತ್ತಾರೆ. ಅಭ್ಯಾಸದ ಶುರುವಿನಲ್ಲಿ ಒಮ್ಮೆ, ಕೊನೆಗೆ ಕಣ್ಣು ದಣಿದಾಗ ಇನ್ನೊಮ್ಮೆ ನೋಡಿ. ಸ್ಪರ್ಧೆಯಲ್ಲಿ 75 ನಿಮಿಷದಲ್ಲಿ 60 ಶಾಟ್ ಹೊಡೆಯಬೇಕು. ಆ ಕೊನೆಯ ಹತ್ತು ಶಾಟ್‌ಗಳಲ್ಲೂ ಸೈಟ್ ಕಾಣಬೇಕಲ್ವಾ?

ಲೆನ್ಸಿನ ನಡು ಎಲ್ಲಿರಬೇಕು

ಹೆಚ್ಚಿನವರು ಗಮನಿಸದ ವಿಷಯ ಇದು. ಸಾದಾ ಕನ್ನಡಕದಲ್ಲಿ ಲೆನ್ಸಿನ ಆಪ್ಟಿಕಲ್ ಸೆಂಟರ್ ಇರುವುದು ನೀವು ನೇರ ಮುಂದೆ ನೋಡುವಾಗ ಕಣ್ಣು ಇರುವ ಜಾಗದಲ್ಲಿ. ಪಿಸ್ತೂಲ್ ಹಿಡಿದಾಗ ನೀವು ನೇರ ನಿಲ್ಲುವುದಿಲ್ಲ. ಮೈ ಪಕ್ಕಕ್ಕೆ ತಿರುಗಿರುತ್ತದೆ, ಕೈ ಒಂದೇ, ಕತ್ತು ಟಾರ್ಗೆಟ್ ಕಡೆ ಹೊರಳಿರುತ್ತದೆ. ಕತ್ತು ಪೂರ್ತಿ ಹೊರಳದಿದ್ದರೆ ಉಳಿದದ್ದನ್ನು ಕಣ್ಣುಗುಡ್ಡೆ ತಿರುಗಿ ಸರಿದೂಗಿಸುತ್ತದೆ. ಆಗ ನೋಟ ಲೆನ್ಸಿನ ನಡುವನ್ನು ಬಿಟ್ಟು ಒಂದು ಪಕ್ಕದಿಂದ, ಅದೂ ಓರೆಯಾಗಿ ಹೊರಡುತ್ತದೆ. ಸಣ್ಣ ನಂಬರಿಗೆ ಇದರಿಂದ ಅಷ್ಟೇನೂ ವ್ಯತ್ಯಾಸವಿಲ್ಲ. 3, 4 ನಂಬರ್ ದಾಟಿದರೆ ಅಂಚುಗಳು ಕದಡಲು ಶುರುವಾಗುತ್ತದೆ.

ಸಾದಾ ಫ್ರೇಮಿನಲ್ಲೇ ಇದಕ್ಕೊಂದು ಉಪಾಯವಿದೆ. ಫ್ರೇಮ್ ಆರಿಸಿ, ಅದರ ಡಮ್ಮಿ ಲೆನ್ಸ್ ಸಹಿತ ಹಾಕಿಕೊಳ್ಳಿ. ಕೋಲು ಹಿಡಿದು, ಕಣ್ಣು ಮುಚ್ಚಿ ನಿಮ್ಮ ಭಂಗಿಯಲ್ಲಿ ನಿಂತು, ಆಮೇಲೆ ಕಣ್ಣು ತೆರೆದು ಗುರಿ ಹಿಡಿಯಿರಿ. ಎದುರಿಗೆ ನಿಂತವರು ನಿಮ್ಮ ಪಾಪೆಯ ನೇರಕ್ಕೆ ಡಮ್ಮಿ ಲೆನ್ಸಿನ ಮೇಲೆ ಮಾರ್ಕರ್‌ನಿಂದ ಚುಕ್ಕೆ ಇಡಲಿ. ಎರಡು ಮೂರು ಸಲ ಮಾಡಿದಾಗ ಚುಕ್ಕೆಗಳು ಒಂದೇ ಕಡೆ ಬಿದ್ದರೆ ಅಲ್ಲೇ ಆಪ್ಟಿಕಲ್ ಸೆಂಟರ್ ಕೂರಿಸಲು ಹೇಳಿ. ಈ ಕನ್ನಡಕ ಶೂಟಿಂಗ್‌ಗೆ ಮಾತ್ರ. ಅದನ್ನು ಹಾಕಿಕೊಂಡು ಗಾಡಿ ಓಡಿಸಬೇಡಿ, ದೂರದ್ದು ಸರಿಯಾಗಿ ಕಾಣುವುದಿಲ್ಲ.

ಶೂಟಿಂಗ್ ಫ್ರೇಮ್ ಬೇಕಾ?

ವಾರಕ್ಕೊಮ್ಮೆ ಹೋಗಿ ಸಂತೋಷಕ್ಕೆ ಹೊಡೆಯುವವರಿಗೆ ಮೇಲೆ ಹೇಳಿದ ಸಾದಾ ಫ್ರೇಮ್ ಸಾಕು. ಮೊದಲ ವರ್ಷವಂತೂ ಅದೇ ಸರಿ. ನಂಬರ್ ಜಾಸ್ತಿ ಇದ್ದರೆ, ಸಿಲಿಂಡರ್ ಇದ್ದರೆ, ಸ್ಪರ್ಧೆಗಳಿಗೆ ಹೋಗುವ ಮನಸ್ಸಿದ್ದರೆ ಶೂಟಿಂಗ್ ಫ್ರೇಮ್ ಮೇಲೆ ದುಡ್ಡು ಹಾಕಬಹುದು. ಜರ್ಮನಿಯ ನೊಬ್ಲಾಕ್, ಸ್ವಿಟ್ಜರ್ಲೆಂಡಿನ ಚಾಂಪಿಯನ್ ರೇಂಜುಗಳಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು.

ಇವುಗಳಲ್ಲಿ ಒಂದೇ ಒಂದು ದುಂಡು ಲೆನ್ಸ್ ಇರುತ್ತದೆ, ಗುರಿ ಹಿಡಿಯುವ ಕಣ್ಣಿಗೆ. ಅದನ್ನು ಮೇಲೆ ಕೆಳಗೆ, ಪಕ್ಕಕ್ಕೆ ಸರಿಸಬಹುದು, ಓರೆಯನ್ನೂ ತಿರುಗಿಸಬಹುದು. ನಿಮ್ಮ ನೋಟ ಯಾವ ಕಡೆ ಹೊರಳಿದರೂ ಲೆನ್ಸ್ ಅದಕ್ಕೆ ನೇರ ಎದುರಾಗಿ ನಿಲ್ಲುವಂತೆ ಕೂರಿಸಬಹುದು. ಲೆನ್ಸ್ ಹೋಲ್ಡರ್ 23 ಮಿ.ಮೀ., 37 ಮಿ.ಮೀ. ಅಳತೆಗಳಲ್ಲಿ ಸಿಗುತ್ತದೆ. ಪಿಸ್ತೂಲಿಗೆ ನಾನು ದೊಡ್ಡದನ್ನೇ ಹೇಳುತ್ತೇನೆ. ತಲೆ ಚೂರು ಅಲುಗಿದರೂ ನೋಟ ಅಂಚಿಗೆ ತಾಗುವುದಿಲ್ಲ. ದುಂಡು ಲೆನ್ಸ್ ಹೋಲ್ಡರಿನಲ್ಲಿ ತಿರುಗಬಹುದು, ಆಗ ಸಿಲಿಂಡರಿನ ಆಕ್ಸಿಸ್ ಕೆಡುತ್ತದೆ. ಸರಿಯಾಗಿ ಕೂರಿಸಿದ ಮೇಲೆ ಲೆನ್ಸಿನ ಅಂಚಿಗೂ ಹೋಲ್ಡರಿಗೂ ಒಂದೇ ನೇರದಲ್ಲಿ ಗುರುತು ಹಾಕಿಸಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಒಂದು ಅನುಕೂಲವಿದೆ. ಕಣ್ಣು ಎತ್ತ ತಿರುಗಿದರೂ ಲೆನ್ಸ್ ಜೊತೆಗೇ ತಿರುಗುತ್ತದೆ. ಆದರೆ ಏಸಿ ರೇಂಜಿನಲ್ಲಿ, ರೆಪ್ಪೆ ಹೊಡೆಯದೆ ನೋಡುವಾಗ ಕಣ್ಣು ಒಣಗುತ್ತದೆ. ಸಿಲಿಂಡರ್ ಇರುವ ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನೊಳಗೇ ಚೂರು ತಿರುಗುವುದೂ ಉಂಟು.

ಇನ್ನೊಂದು ಕಣ್ಣು, ಐರಿಸ್, ಬಣ್ಣ

ಗುರಿ ಹಿಡಿಯದ ಕಣ್ಣನ್ನು ಬಿಗಿಯಾಗಿ ಮುಚ್ಚಬೇಡಿ. ಮುಖದ ಸ್ನಾಯು ಬಿಗಿಯುತ್ತದೆ, ತೆರೆದ ಕಣ್ಣಿನ ಪಾಪೆಯೂ ಹಿಗ್ಗುತ್ತದೆ. ಎರಡೂ ಕಣ್ಣು ತೆರೆದಾಗ ಸೈಟ್ ಎರಡೆರಡಾಗಿ ಕಂಡರೆ ಆ ಕಣ್ಣಿನ ಮುಂದೆ ಬ್ಲೈಂಡರ್ (ನೋಟ ಮರೆಮಾಡುವ ಪಟ್ಟಿ) ಹಾಕಿ. ಕಪ್ಪಗಿನದಕ್ಕಿಂತ ಬೆಳಕು ಬಿಡುವ ಬಿಳಿಯದು ಒಳ್ಳೆಯದು, ಎರಡೂ ಕಣ್ಣಿಗೆ ಬೆಳಕು ಸಮ ಇರುತ್ತದೆ. ಸಾದಾ ಕನ್ನಡಕವಾದರೆ ಆ ಲೆನ್ಸಿಗೆ ಮಂದ ಬಿಳಿ ಟೇಪ್ ಅಂಟಿಸಿದರೂ ನಡೆಯುತ್ತದೆ.

ಐರಿಸ್ ಅಂದರೆ ಲೆನ್ಸಿನ ಮುಂದೆ ಕೂರುವ, ರಂಧ್ರವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಬಿಲ್ಲೆ. ರಂಧ್ರ ಕಿರಿದಾದಂತೆ ಸೈಟ್, ಟಾರ್ಗೆಟ್ ಎರಡೂ ಸ್ಪಷ್ಟವಾಗುತ್ತವೆ. ಮೊದಲ ಸಲ ನೋಡಿದವರಿಗೆ ಇದಿದ್ದರೆ ಸಾಕು ಅನಿಸಿಬಿಡುತ್ತದೆ. ದಯವಿಟ್ಟು ಇದನ್ನೇ ನಂಬಿ ತಪ್ಪು ನಂಬರನ್ನು ಹಾಗೇ ಬಿಡಬೇಡಿ. ಬೆಳಕು ತಗ್ಗುತ್ತದೆ, ಕಣ್ಣು ಬೇಗ ದಣಿಯುತ್ತದೆ, 1 ಮಿ.ಮೀ.ಗಿಂತ ಕಿರಿದಾದರೆ ಚಿತ್ರ ಮತ್ತೆ ಹರಡಿಕೊಳ್ಳುತ್ತದೆ. ಟಾರ್ಗೆಟ್ ಸ್ಪಷ್ಟವಾದಷ್ಟೂ ನೋಟ ಸೈಟ್ ಬಿಟ್ಟು ಅತ್ತ ಓಡುತ್ತದೆ. ಮೊದಲು ಲೆನ್ಸ್, ಆಮೇಲೆ ಬೇಕಾದರೆ ಐರಿಸ್.

ಒಳಾಂಗಣಕ್ಕೆ ಬಣ್ಣದ ಲೆನ್ಸ್ ಬೇಡ. ಪ್ರತಿಫಲನ ತಡೆಯುವ ಕೋಟಿಂಗ್ ಮಾತ್ರ ಹಾಕಿಸಿ. ಹಿಂದಿನ ಟ್ಯೂಬ್‌ಲೈಟು ಲೆನ್ಸಿನ ಒಳಮೈಯಲ್ಲಿ ಹೊಳೆದರೆ ತುಂಬಾ ಕಿರಿಕಿರಿ.

ರಕ್ಷಣೆ

ಸೀಸದ ಪೆಲೆಟ್ ಗಟ್ಟಿ ವಸ್ತುವಿಗೆ ಬಡಿದರೆ ಚೂರುಗಳು ಹಿಂದಕ್ಕೆ ಚಿಮ್ಮಬಹುದು. ಗಾಜಿನ ಲೆನ್ಸ್ ಬೇಡವೇ ಬೇಡ. ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಕೇಳಿ. ಎರಡೂ ಸುಲಭಕ್ಕೆ ಒಡೆಯುವುದಿಲ್ಲ, ಟ್ರೈವೆಕ್ಸ್‌ನಲ್ಲಿ ನೋಟ ಇನ್ನೂ ಶುಭ್ರ. ಶೂಟಿಂಗ್ ಫ್ರೇಮಿನ ಚಿಕ್ಕ ಲೆನ್ಸ್ ಕಣ್ಣಿನ ಪಕ್ಕವನ್ನು ಕಾಯುವುದಿಲ್ಲ ಎಂಬುದೂ ಗೊತ್ತಿರಲಿ. ಮದ್ದಿನ ಗುಂಡು ಹಾರಿಸುವ .22 ಪಿಸ್ತೂಲಿಗೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಬಿಸಿ ಖಾಲಿ ಕೇಸುಗಳು ಪಕ್ಕದ ಲೇನಿನಿಂದಲೂ ಹಾರಿ ಬರುತ್ತವೆ. ಪಕ್ಕವೂ ಮುಚ್ಚುವ ರಕ್ಷಣಾ ಕನ್ನಡಕವನ್ನೇ ಹಾಕಿ. ಅದರೊಳಗೆ ನಂಬರ್ ಲೆನ್ಸ್ ಸಿಕ್ಕಿಸುವ ಮಾದರಿಗಳು ಸಿಗುತ್ತವೆ.

ಸ್ಪರ್ಧೆಗೆ ಹೋಗುವ ಮೊದಲು

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ ನಂಬರ್ ಲೆನ್ಸ್ ಧರಿಸಲು ಅಡ್ಡಿಯಿಲ್ಲ. ಪಿಸ್ತೂಲಿಗೆ ಲೆನ್ಸ್ ಕೂರಿಸುವಂತಿಲ್ಲ. ಬ್ಲೈಂಡರ್‌ಗೂ ಮಿತಿಯಿದೆ: ಗುರಿ ಹಿಡಿಯದ ಕಣ್ಣಿನ ಮುಂದಿನದು 30 ಮಿ.ಮೀ.ಗಿಂತ ಅಗಲ ಇರಬಾರದು, ಪಕ್ಕದ ಬ್ಲೈಂಡರ್ 40 ಮಿ.ಮೀ. ಮೀರಬಾರದು. ನಿಯಮಗಳು ಆಗಾಗ ಪರಿಷ್ಕರಣೆಯಾಗುತ್ತವೆ, ಹೆಸರು ಕೊಡುವಾಗ ಆ ವರ್ಷದ ಪ್ರತಿ ನೋಡಿಕೊಳ್ಳಿ.

ಹೊಸ ಲೆನ್ಸ್ ಬಂದ ಮೇಲೆ ಶಾಟ್‌ಗಳ ಗುಂಪು ಬೇರೆ ಕಡೆ ಬೀಳಬಹುದು. ತಕ್ಷಣ ಸೈಟ್ ತಿರುಗಿಸಬೇಡಿ. ಕೆಲವು ಅಭ್ಯಾಸ ಕಳೆದು ಗುಂಪು ಒಂದೇ ಜಾಗದಲ್ಲಿ ನೆಲೆಸಿದ ಮೇಲೆ ಸೈಟಿನ ಸ್ಕ್ರೂ ತಿರುಗಿಸಿ ಕ್ಲಿಕ್ ಬದಲಿಸಿ. ಫ್ರೇಮಿನ ಸ್ಕ್ರೂಗಳು ನಿಂತ ಜಾಗಕ್ಕೆ ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಬ್ಯಾಗಿನಲ್ಲಿ ಅದಲು ಬದಲಾದರೂ ಐದು ನಿಮಿಷದಲ್ಲಿ ಮತ್ತೆ ಕೂರಿಸಬಹುದು. ನಲವತ್ತರಿಂದ ಅರವತ್ತರ ನಡುವೆ ಕಣ್ಣು ಬದಲಾಗುತ್ತಲೇ ಇರುತ್ತದೆ, ವರ್ಷಕ್ಕೊಮ್ಮೆ ನಂಬರ್ ನೋಡಿಸಿ. ಅದಕ್ಕೂ ಮೊದಲೇ ಫ್ರಂಟ್ ಸೈಟಿನ ಮೇಲಂಚು ಮಸುಕಾಗತೊಡಗಿದರೆ, ಹಳೆಯ ಲೆನ್ಸಿನ ಮೇಲೆ +0.25 ಹಿಡಿದು ನೋಡಿ. ಅಂಚು ಮತ್ತೆ ಚೂಪಾದರೆ ಹೊಸ ಲೆನ್ಸಿಗೆ ಆರ್ಡರ್ ಕೊಡಿ, ಫ್ರೇಮ್ ಅದೇ ಇರಲಿ.